ಕ್ಯಾಲ್ಸಿಯಂ ಮಾತ್ರೆ: ಯಾರಿಗೆ, ಎಷ್ಟು, ಎಲ್ಲಿವರೆಗೆ?

ಈ ತಿಂಗಳ ಪತ್ರಗಳ ಕಟ್ಟು ಬಿಚ್ಚಿದರೆ ಅರ್ಧಕ್ಕರ್ಧ ಕ್ಯಾಲ್ಸಿಯಂ. ಕಾಲು ನೋವಿಗೆ ತಗೋಬಹುದಾ, ಕಿಡ್ನಿಗೆ ಕೆಟ್ಟದ್ದಾ, ಸುಣ್ಣ ತಿಂದರೆ ಸಾಕಾ ಎಂದೆಲ್ಲ ಕೇಳಿದ್ದೀರಿ. ಹಾಗಾಗಿ ಸಕ್ಕರೆ ಕಾಯಿಲೆ, ಗ್ಯಾಸ್ಟ್ರಿಕ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಬಹಳ ಜನ ಬರೆದಿದ್ದಾರೆ. ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಮ್ಮ ಅಮ್ಮನಿಗೆ 66 ವರ್ಷ. ಮೊಣಕಾಲು ನೋವು ಅಂತ ದಿನಾ ಒಂದು ಕ್ಯಾಲ್ಸಿಯಂ 500 ಮಾತ್ರೆ ನುಂಗುತ್ತಾರೆ. ಮೆಡಿಕಲ್ ಸ್ಟೋರಿಂದ ನಾವೇ ತರುತ್ತೇವೆ. ಹೋದ ವರ್ಷ ಅಣ್ಣ ಅಮೆರಿಕದಿಂದ ಬರುವಾಗ ಕ್ಯಾಲ್ಸಿಯಂ ಇರುವ ದೊಡ್ಡ ಡಬ್ಬಿ ತಂದ. ಅದರಲ್ಲೂ ದಿನಕ್ಕೆ ಎರಡು. ಭಾನುವಾರ ಹಾಲಿಗೆ ವಿಟಮಿನ್ ಡಿ ಪುಡಿ ಬೆರೆಸಿ ಕುಡಿಯುತ್ತಾರೆ. ಬಿ.ಪಿ. ಮಾತ್ರೆಯೂ ಇದೆ. ಈಚೆಗೆ ಮಲಬದ್ಧತೆ, ಸಿಕ್ಕಾಪಟ್ಟೆ ಬಾಯಾರಿಕೆ. ರಾತ್ರಿ ನಾಲ್ಕು ಸಲ ಬಾತ್‌ರೂಮಿಗೆ ಏಳುತ್ತಾರೆ. ಊಟ ಸೇರುವುದಿಲ್ಲ, ಮಂಕಾಗಿ ಕೂತಿರುತ್ತಾರೆ. ಶುಗರ್ ನೋಡಿಸಿದೆವು, ಇಲ್ಲ. ನಿಶ್ಶಕ್ತಿ ಇರಬೇಕು, ಕ್ಯಾಲ್ಸಿಯಂ ಇನ್ನೊಂದು ಜಾಸ್ತಿ ಮಾಡಬಹುದಾ?
– ಓದುಗರು, ಅರಸೀಕೆರೆ

ಉತ್ತರ: ಈ ಪತ್ರಕ್ಕೆ ಮಾತ್ರ ಸಂಚಿಕೆ ಅಚ್ಚಾಗುವವರೆಗೆ ಕಾಯಲಿಲ್ಲ. ಪತ್ರಿಕೆಯ ಕಚೇರಿಯಿಂದ ಫೋನ್ ಮಾಡಿಸಿ, ಎರಡೂ ಕ್ಯಾಲ್ಸಿಯಂ ಮತ್ತು ಆ ಪುಡಿ ನಿಲ್ಲಿಸಿ ಅಮ್ಮನನ್ನು ಕೂಡಲೇ ಫಿಜಿಷಿಯನ್ ಹತ್ತಿರ ಕರೆದುಕೊಂಡು ಹೋಗಿ ಎಂದು ಹೇಳಿಸಿದೆ. ರಕ್ತದ ಕ್ಯಾಲ್ಸಿಯಂ 12.6 ಬಂತು. ಸಾಮಾನ್ಯವಾಗಿ 8.5ರಿಂದ 10.5ರ ಒಳಗಿರಬೇಕು. ಕ್ರಿಯಾಟಿನಿನ್ ಕೂಡ ಏರಿತ್ತು, ಅಂದರೆ ಕಿಡ್ನಿಗೆ ಪೆಟ್ಟು ಬೀಳಲು ಶುರುವಾಗಿತ್ತು. ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದರು. ಈಗ ಮನೆಗೆ ಬಂದಿದ್ದಾರೆ, ಊಟ ಸೇರುತ್ತಿದೆಯಂತೆ. ಮಗಳ ಒಪ್ಪಿಗೆ ಪಡೆದೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಲೆಕ್ಕ ಹಾಕೋಣ. ಅಮೆರಿಕದ ಡಬ್ಬಿಯ ಮೇಲೆ ಒಂದು ಮಾತ್ರೆಗೆ 600 ಮಿ.ಗ್ರಾಂ ಎಂದಿದೆ. ಎರಡಕ್ಕೆ 1200. ನಮ್ಮ ಅಂಗಡಿಯ ಮಾತ್ರೆ 500. ಇಲ್ಲಿಗೆ 1700. ಅಮ್ಮ ಹಾಲು, ಮಜ್ಜಿಗೆ ಬಿಟ್ಟಿಲ್ಲ, ರಾತ್ರಿ ಮುದ್ದೆ ಇದ್ದೇ ಇದೆ. ನೂರು ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 120 ಮಿ.ಗ್ರಾಂ, ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದೇ ಒಂದು 700–800 ಆಯಿತು. ಒಟ್ಟು 2500ರ ಹತ್ತಿರ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ ಬೇಕಿರುವುದು ಊಟ, ಮಾತ್ರೆ ಎಲ್ಲ ಸೇರಿ 1200!

ಆದರೂ ಬರೀ ಮಾತ್ರೆಯಿಂದ ಇಷ್ಟು ಏರುವುದು ಕಡಿಮೆ. ಬೇಡದ್ದನ್ನು ಕರುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮಲದಲ್ಲಿ ಹೋಗುತ್ತದೆ. ಇಲ್ಲಿ ಕೆಲಸ ಕೆಡಿಸಿದ್ದು ಭಾನುವಾರದ ಪುಡಿ. ಒಂದು ಸ್ಯಾಶೆಯಲ್ಲಿ 60,000 ಯೂನಿಟ್ ವಿಟಮಿನ್ ಡಿ ಇರುತ್ತದೆ. ಕ್ಯಾಲ್ಸಿಯಂ ಹೀರಿಕೊ ಎಂದು ಕರುಳಿಗೆ ಹೇಳುವುದೇ ಅದರ ಕೆಲಸ. ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ ಬರೆಯುತ್ತೇವೆ. ಆಮೇಲೆ ನಿಲ್ಲಿಸುತ್ತೇವೆ, ಇಲ್ಲವೇ ತಿಂಗಳಿಗೊಂದು ಮಾಡುತ್ತೇವೆ. ನಿಮ್ಮ ಅಮ್ಮ ಎರಡು ವರ್ಷದಿಂದ ಬಿಡದೆ ಕುಡಿದಿದ್ದಾರೆ ಎಂದು ಫೋನಿನಲ್ಲಿ ಗೊತ್ತಾಯಿತು. ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲವಂತೆ. ಇದನ್ನು ನಾನು ದಿನಾ ಕೇಳುತ್ತೇನೆ. ಶುರು ಮಾಡುವ ಡಾಕ್ಟರು ಸಿಗುತ್ತಾರೆ, ನಿಲ್ಲಿಸುವವರು ಸಿಗುವುದಿಲ್ಲ.

ಮೂರನೆಯದು ಬಿ.ಪಿ. ಮಾತ್ರೆ. ಸ್ಟ್ರಿಪ್ಪಿನ ಫೋಟೋ ಕಳಿಸಿದ್ದೀರಿ, ಅದರಲ್ಲಿ ಕ್ಲೋರ್‌ಥಾಲಿಡೋನ್ ಇದೆ. ಒಳ್ಳೆಯ ಔಷಧಿಯೇ. ಆದರೆ ಅದು, ಅದರ ಸಂಬಂಧಿ ಹೈಡ್ರೋಕ್ಲೋರೋಥಯಾಜೈಡ್, ಎರಡೂ ಮೂತ್ರದಲ್ಲಿ ಹೋಗಬೇಕಾದ ಕ್ಯಾಲ್ಸಿಯಂ ಅನ್ನು ತಡೆದು ಮತ್ತೆ ರಕ್ತಕ್ಕೆ ಕಳಿಸುತ್ತವೆ. ಕ್ಯಾಲ್ಸಿಯಂ ಒಳಗೆ ಬರುವುದು ಜಾಸ್ತಿ, ಹೊರಗೆ ಹೋಗುವುದು ಕಮ್ಮಿ. ರಕ್ತದಲ್ಲಿ ಅದು ಏರಿದಾಗ ಕಿಡ್ನಿಗೆ ನೀರು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಅದಕ್ಕೇ ಪದೇ ಪದೇ ಮೂತ್ರ, ಅದಕ್ಕೇ ಬಾಯಾರಿಕೆ. ಕರುಳು ನಿಧಾನವಾಗುತ್ತದೆ, ಮಲಬದ್ಧತೆ. ಮಿದುಳೂ ಮಂಕಾಗುತ್ತದೆ. ಮನೆಯವರು ವಯಸ್ಸಾಯಿತು ಅಂದುಕೊಳ್ಳುತ್ತಾರೆ. ಬಿ.ಪಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಬದಲಿಸಬೇಕಾ ಎಂದು ನಿಮ್ಮ ಡಾಕ್ಟರನ್ನು ಕೇಳಿ.

ಒಂದು ಮಾತು ನಿಮ್ಮ ಫಿಜಿಷಿಯನ್ನರ ಪರವಾಗಿ. ಅವರು ಪಿಟಿಎಚ್ ಎಂಬ ದುಬಾರಿ ಪರೀಕ್ಷೆ ಬರೆದರು ಎಂದು ಬೇಜಾರು ಮಾಡಿಕೊಂಡಿರಿ. ಅದು ಬೇಕಿತ್ತು. ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಕೆಟ್ಟರೂ ಕ್ಯಾಲ್ಸಿಯಂ ಹೀಗೇ ಏರುತ್ತದೆ. ಪಿಟಿಎಚ್ ಅಂದರೆ ಆ ಗ್ರಂಥಿಯ ಹಾರ್ಮೋನು. ಮಾತ್ರೆಯಿಂದ ಏರಿದ್ದರೆ ಪಿಟಿಎಚ್ ತಗ್ಗಿರುತ್ತದೆ, ಗ್ರಂಥಿಯ ದೋಷವಾದರೆ ತಗ್ಗುವುದಿಲ್ಲ. ನಿಮ್ಮ ಅಮ್ಮನದು ತಗ್ಗಿದೆ. ಮಾತ್ರೆ, ಪುಡಿಯದೇ ಕಿತಾಪತಿ. ವಿಟಮಿನ್ ಡಿ ಕೊಬ್ಬಿನಲ್ಲಿ ಕೂತಿರುತ್ತದೆ, ವಾರಗಟ್ಟಲೆ ಖಾಲಿಯಾಗುವುದಿಲ್ಲ. ಹಾಗಾಗಿ ಅವರು ಹೇಳಿದಾಗೆಲ್ಲ ರಕ್ತ ಪರೀಕ್ಷೆ ಮಾಡಿಸಿ.

ಇಷ್ಟಕ್ಕೆಲ್ಲ ಮೂಲವಾದ ಮೊಣಕಾಲು ನೋವು? ಈ ವಯಸ್ಸಿನಲ್ಲಿ ಹೆಚ್ಚಾಗಿ ಅದು ಮೂಳೆಯ ತುದಿಗೆ ಹೊದಿಸಿದ ಮೃದ್ವಸ್ಥಿ ಸವೆದು ಬರುವ ನೋವು. ಅದಕ್ಕೂ ಕ್ಯಾಲ್ಸಿಯಂಗೂ ಸಂಬಂಧವಿಲ್ಲ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಕಲಿಯಲಿ, ತೂಕ ಇಳಿಸಲಿ, ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದು ಬಿಡಲಿ. ಅಣ್ಣನಿಗೆ ಹೇಳಿ, ಮುಂದಿನ ಸಲ ಡಬ್ಬಿಯ ಬದಲು ಒಳ್ಳೆಯ ವಾಕಿಂಗ್ ಶೂ ತರಲಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, 61 ವರ್ಷ. ಹುಟ್ಟಿದಾಗಿನಿಂದ ರಾಗಿ ಮುದ್ದೆ ಉಂಡವಳು. ರಕ್ತದಲ್ಲಿ ಕ್ಯಾಲ್ಸಿಯಂ 9.4, ನಾರ್ಮಲ್ ಎಂದರು. ಆದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಸೊಂಟದ ಮೂಳೆಗೆ ಮೈನಸ್ 2.8 ಬಂದಿದೆ, ಆಸ್ಟಿಯೋಪೊರೋಸಿಸ್ (ಮೂಳೆ ಸವೆತ) ಅಂತೆ. ಯಾವುದೋ ಒಂದು ರಿಪೋರ್ಟ್ ಸುಳ್ಳಿರಬೇಕಲ್ವಾ?
– ಓದುಗರು, ತುಮಕೂರು

ಉತ್ತರ: ಎರಡೂ ನಿಜ, ಮೇಡಂ. ದೊಡ್ಡವರ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ಮೂಳೆ, ಹಲ್ಲಿನಲ್ಲಿ. ಉಳಿದ ಒಂದು ಪಾಲು ರಕ್ತ ಮತ್ತು ಜೀವಕೋಶಗಳಲ್ಲಿ. ಆ ಒಂದು ಪಾಲಿನ ಕೆಲಸ ನೋಡಿ. ಹೃದಯ ಬಡಿಯಬೇಕಾದರೆ ಅದು ಬೇಕು, ಸ್ನಾಯು ಬಿಗಿಯಲು ಬೇಕು, ನರದಿಂದ ನರಕ್ಕೆ ಸುದ್ದಿ ಹೋಗಲು ಬೇಕು, ಗಾಯವಾದರೆ ರಕ್ತ ಹೆಪ್ಪುಗಟ್ಟಲೂ ಬೇಕು. ಹಾಗಾಗಿ ದೇಹ ರಕ್ತದ ಕ್ಯಾಲ್ಸಿಯಂ ಇಳಿಯಲು ಬಿಡುವುದೇ ಇಲ್ಲ.

ಕಾವಲಿಗೆ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಥೈರಾಯ್ಡ್ ಹಿಂಭಾಗದಲ್ಲಿ, ಒಂದೊಂದೂ ಅಕ್ಕಿ ಕಾಳಿನಷ್ಟು. ರಕ್ತದಲ್ಲಿ ಸ್ವಲ್ಪ ಕಮ್ಮಿಯಾದರೆ ಇವು ಹಾರ್ಮೋನು ಬಿಟ್ಟು ಮೂಳೆಯಿಂದ ತೆಗೆಸಿ ರಕ್ತಕ್ಕೆ ತುಂಬಿಸುತ್ತವೆ. ನಮ್ಮ ಕಡೆ ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದರಲ್ಲ, ಅಡುಗೆಮನೆ ಡಬ್ಬದಲ್ಲಿ ಹಿಟ್ಟು ತುಂಬಿದೆ ಅಂದ ಮಾತ್ರಕ್ಕೆ ಹಗೇವು ತುಂಬಿದೆ ಎಂದು ಹೇಳಲಾಗುತ್ತಾ? ರಕ್ತ ಪರೀಕ್ಷೆ ಡಬ್ಬವನ್ನು ನೋಡುತ್ತದೆ, ಡೆಕ್ಸಾ ಹಗೇವಿಗೆ ಇಣುಕುತ್ತದೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಎನ್ನುತ್ತೇವೆ.

ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿಯುತ್ತದೆ. ಆಗ ಮೂಳೆ ಕಟ್ಟುವುದಕ್ಕಿಂತ ಕರಗುವುದು ಬೇಗ. ರಾಗಿ ಉಂಡವರಿಗೂ ಇದು ತಪ್ಪಿದ್ದಲ್ಲ. ಹಾಗಂತ ಮುದ್ದೆ ಬಿಡಬೇಡಿ. ರಾಗಿಯ ಫೈಟೇಟ್ ಸ್ವಲ್ಪ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ, ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಅದು ಕಮ್ಮಿಯಾಗುತ್ತದೆ. ನುಗ್ಗೆ ಸೊಪ್ಪು, ಎಳ್ಳು, ಹುರುಳಿ ಒಳ್ಳೆಯದು. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಎಂಬ ಅಂಶ ಜಾಸ್ತಿ, ಅದು ಕ್ಯಾಲ್ಸಿಯಂ ಅನ್ನು ಹಿಡಿದಿಡುವುದರಿಂದ ಮೈಗೆ ಹತ್ತುವುದು ತೀರಾ ಅಲ್ಪ.

ನಿಮಗೆ ಮಾತ್ರೆ ಬೇಕು. ಮೇಲಿನ ಉತ್ತರ ಓದಿ ಹೆದರಿ ನಿಲ್ಲಿಸಬೇಡಿ. ಆದರೆ ಬರೀ ಕ್ಯಾಲ್ಸಿಯಂ ನಿಮ್ಮ ಕಾಯಿಲೆಗೆ ಸಾಲದು. ಡಾಕ್ಟರು ವಾರಕ್ಕೊಂದು ಅಲೆಂಡ್ರೊನೇಟ್ ಬರೆದಿದ್ದಾರಲ್ಲ, ಮೂಳೆ ಕರಗುವುದನ್ನು ತಡೆಯುವುದು ಅದೇ. ಅದನ್ನು ನುಂಗುವ ಕ್ರಮ ಸ್ವಲ್ಪ ಕಿರಿಕಿರಿ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ. ಕಾಫಿ ಬೇಡ, ಹಾಲು ಬೇಡ. ನುಂಗಿದ ಮೇಲೆ ಕನಿಷ್ಠ ಅರ್ಧ ಗಂಟೆ ಮಲಗಬಾರದು, ಕೂತಿರಿ ಇಲ್ಲವೇ ಓಡಾಡಿ. ಮಲಗಿದರೆ ಅನ್ನನಾಳ ಸುಟ್ಟೀತು. ಆ ಹೊತ್ತಿನಲ್ಲಿ ಕ್ಯಾಲ್ಸಿಯಂ ಹತ್ತಿರವೂ ಬರಬಾರದು, ಊಟದ ಜೊತೆ ತಗೊಳ್ಳಿ.

ಪ್ರಶ್ನೆ: ಥೈರಾಯ್ಡ್ ಮಾತ್ರೆ ತಪ್ಪದೆ ನುಂಗುತ್ತೇನೆ. ಆದರೂ ಟಿಎಸ್‌ಎಚ್ ಏರುತ್ತಲೇ ಇದೆ. ಮಾತ್ರೆಯ ಡೋಸ್ 50 ಇದ್ದದ್ದನ್ನು 75 ಮಾಡಿದರು, ಈಗ 100 ಮಾಡೋಣ ಎನ್ನುತ್ತಿದ್ದಾರೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಎರಡನ್ನೂ ಮರೆಯದಿರಲಿ ಅಂತ ಬೆಳಿಗ್ಗೆ ಒಟ್ಟಿಗೇ ನುಂಗಿಬಿಡುತ್ತೇನೆ. ಊಟದಲ್ಲೇನಾದರೂ ಬದಲಾವಣೆ ಬೇಕಾ?
– ಓದುಗರು, ದಾವಣಗೆರೆ

ಉತ್ತರ: ಊಟ ಹಾಗೇ ಇರಲಿ, ಹೊತ್ತು ಬದಲಿಸಿ. ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಥೈರಾಯ್ಡ್ ಮಾತ್ರೆಯ ಥೈರಾಕ್ಸಿನ್ ಜೊತೆ ಅಂಟಿಕೊಂಡು ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕಬ್ಬಿಣವೂ ಹಾಗೇ. ಥೈರಾಕ್ಸಿನ್ ಸಾಲದೇ ಹೋದಾಗ ಟಿಎಸ್‌ಎಚ್ ಏರುತ್ತದೆ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಎದ್ದ ಕೂಡಲೇ, ಕಬ್ಬಿಣ ಮಧ್ಯಾಹ್ನ, ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ. ಥೈರಾಯ್ಡ್ ಮಾತ್ರೆಗೂ ಈ ಎರಡಕ್ಕೂ ಕನಿಷ್ಠ ನಾಲ್ಕು ಗಂಟೆ ಅಂತರ ಇರಲಿ. ಒಟ್ಟಿಗೆ ನುಂಗುತ್ತಿದ್ದೆ ಎಂದು ನಿಮ್ಮ ಡಾಕ್ಟರಿಗೆ ಈಗಲೇ ತಿಳಿಸಿ. ಅವರು ಒಪ್ಪಿದರೆ ಡೋಸ್ ಏರಿಸುವ ಮೊದಲು ಹೀಗೆ ಆರು ವಾರ ಮಾಡಿ ಮತ್ತೆ ಟಿಎಸ್‌ಎಚ್ ನೋಡಿಸಿ. ಇದನ್ನು ಹೇಳದೆ 100ಕ್ಕೆ ಹೋದರೆ, ನಾಳೆ ಕ್ಯಾಲ್ಸಿಯಂ ಬಿಟ್ಟಾಗ ಅದೇ 100 ಜಾಸ್ತಿಯಾಗಿ ಎದೆ ಹೊಡೆದುಕೊಳ್ಳಲು ಶುರುವಾಗಬಹುದು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯೋಟಿಕ್‌ಗಳೂ ಕ್ಯಾಲ್ಸಿಯಂ ಜೊತೆ ಹೋದರೆ ಸರಿಯಾಗಿ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಕಿಡ್ನಿಯಲ್ಲಿ 5 ಮಿ.ಮೀ. ಕಲ್ಲು. ಕ್ಯಾಲ್ಸಿಯಂ ಕಲ್ಲು ಅಂತೆ. ಹಾಲು, ಮೊಸರು, ರಾಗಿ ಎಲ್ಲ ಬಿಟ್ಟಿದ್ದೇನೆ. ಹೆಂಡತಿಯ ಕ್ಯಾಲ್ಸಿಯಂ ಮಾತ್ರೆ ರಾತ್ರಿ ಮಲಗುವಾಗ ನಾನೂ ಒಂದೊಂದು ನುಂಗುತ್ತಿದ್ದೆ, ಅದನ್ನೂ ಬಿಟ್ಟೆ. ಸರಿ ತಾನೇ?
– ಓದುಗರು, ಬಳ್ಳಾರಿ

ಉತ್ತರ: ಮಾತ್ರೆ ಬಿಟ್ಟಿದ್ದು ಸರಿ, ಮೊಸರು ಬಿಟ್ಟಿದ್ದು ತಪ್ಪು. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಸೇರಿ ಆದವು. ಊಟದ ಜೊತೆ ಮೊಸರು ಹೋದರೆ ಅದರ ಕ್ಯಾಲ್ಸಿಯಂ ಊಟದ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಮಲದಲ್ಲಿ ಹೊರಗೆ ಹಾಕುತ್ತದೆ. ಮೊಸರು ಬಿಟ್ಟರೆ ಆಕ್ಸಲೇಟ್ ಜಾಸ್ತಿ ರಕ್ತಕ್ಕೆ, ಅಲ್ಲಿಂದ ಕಿಡ್ನಿಗೆ. ಮಲಗುವಾಗ ಬರಿಹೊಟ್ಟೆಯಲ್ಲಿ ನುಂಗಿದ ಮಾತ್ರೆಗೆ ಈ ಕೆಲಸವೂ ಇಲ್ಲ. ಹೀರಿಕೊಂಡ ಕ್ಯಾಲ್ಸಿಯಂ ಸೀದಾ ಮೂತ್ರಕ್ಕೆ ಇಳಿಯುತ್ತದೆ.

ಅಮೆರಿಕದಲ್ಲಿ ಮುಟ್ಟು ನಿಂತ 36 ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ವರ್ಷಗಟ್ಟಲೆ ಕ್ಯಾಲ್ಸಿಯಂ ಮತ್ತು ಡಿ ಮಾತ್ರೆ, ಇಲ್ಲವೇ ಅದೇ ಥರದ ಹುಸಿ ಮಾತ್ರೆ ಕೊಟ್ಟು ನೋಡಿದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ನಿಜವಾದ ಮಾತ್ರೆ ನುಂಗಿದವರಲ್ಲಿ ಕಿಡ್ನಿ ಕಲ್ಲು ಶೇ 17ರಷ್ಟು ಹೆಚ್ಚಾಗಿತ್ತು. ಸೊಂಟದ ಮೂಳೆ ಮುರಿತದಲ್ಲಿ ಸ್ಪಷ್ಟವಾದ ಇಳಿಕೆ ಕಾಣಲಿಲ್ಲ. ಆರೋಗ್ಯವಾಗಿದ್ದವರು ಸುಮ್ನೆ ನುಂಗಿದರೆ ಬರುವ ಲಾಭ ಅಷ್ಟೇ.

ನಿಮ್ಮ ಊರಿನ ಬಿಸಿಲಿಗೆ ಮೂತ್ರವೇ ದಿನಕ್ಕೆ ಎರಡು ಲೀಟರ್ ಮೇಲೆ ಹೋಗುವಷ್ಟು ನೀರು ಕುಡಿಯಬೇಕು. ಉಪ್ಪು ಕಮ್ಮಿ ಮಾಡಿ. ಉಪ್ಪು ಜಾಸ್ತಿಯಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ. ಮೊಸರನ್ನಕ್ಕೆ ಉಪ್ಪಿನಕಾಯಿ, ಹಪ್ಪಳ ಎರಡೂ ಬೇಕು ಅನ್ನುವವರಾದರೆ ಅಲ್ಲಿಂದ ಶುರು ಮಾಡಿ. ಬಾಳೆದಿಂಡಿನ ರಸ ಕುಡಿಯಲಾ ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ಇಷ್ಟವಿದ್ದರೆ ಕುಡಿಯಿರಿ, ನೀರಂತೂ ಒಳಗೆ ಹೋಗುತ್ತದೆ.

ಪ್ರಶ್ನೆ: ಗೋಧಿ ಕಾಳಿನಷ್ಟು ಎಲೆಗೆ ಹಚ್ಚುವ ಸುಣ್ಣವನ್ನು ಮೊಸರಿನಲ್ಲಿ ಕಲಸಿ ದಿನಾ ತಿಂದರೆ ಕ್ಯಾಲ್ಸಿಯಂ ಮಾತ್ರೆಯೇ ಬೇಡ ಎಂದು ವಾಟ್ಸಾಪ್‌ನಲ್ಲಿ ಬಂದಿದೆ. ನಮ್ಮ ಅತ್ತೆ ಶುರು ಮಾಡಿದ್ದಾರೆ.
– ಓದುಗರು, ಕೊಪ್ಪಳ

ಉತ್ತರ: ಒಂದು ಗೋಧಿ ಕಾಳಿನ ತೂಕ 40–50 ಮಿ.ಗ್ರಾಂ. ಅಷ್ಟೇ ತೂಕದ ಪೂರಾ ಒಣಗಿದ, ಶುದ್ಧ ಸುಣ್ಣ ತಿಂದರೂ ಸಿಗುವ ಕ್ಯಾಲ್ಸಿಯಂ 25 ಮಿ.ಗ್ರಾಂ ಆಸುಪಾಸು. ಡಬ್ಬಿಯ ಸುಣ್ಣದಲ್ಲಿ ನೀರೇ ಜಾಸ್ತಿ, ಹಾಗಾಗಿ ಇನ್ನೂ ಕಮ್ಮಿ. ನಾಲ್ಕು ಚಮಚ ಹಾಲಿನಲ್ಲಿ ಅಷ್ಟು ಇದೆ. ನಿಮ್ಮ ಅತ್ತೆಗೆ ಲಾಭವಾಗುತ್ತಿದ್ದರೆ ಅದು ಸುಣ್ಣದಿಂದಲ್ಲ, ಕಲಸಿಕೊಳ್ಳುವ ಮೊಸರಿನಿಂದ!

ಗೋಧಿ ಕಾಳಿಗೇ ನಿಂತರೆ ದೊಡ್ಡ ಅಪಾಯವೇನಿಲ್ಲ. ಆದರೆ ಗುಣ ಕಾಣಲಿಲ್ಲ ಎಂದು ಕಾಳು ಕಡಲೆಯಾಗುತ್ತದೆ. ಸುಣ್ಣ ಸುಡುವ ವಸ್ತು. ಬಾಯಿ, ಅನ್ನನಾಳ ಎರಡನ್ನೂ ಸುಡುತ್ತದೆ. ತೈವಾನ್‌ನಲ್ಲಿ ಸುಣ್ಣ ಹಚ್ಚಿದ ಅಡಿಕೆಯನ್ನು ಇಡೀ ದಿನ ಜಗಿಯುತ್ತಿದ್ದವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಟ್ಟದ್ದನ್ನು ಅಲ್ಲಿನ ವೈದ್ಯರು ವರದಿ ಮಾಡಿದ್ದಾರೆ. ಅತ್ತೆಯ ಮನಸ್ಸು ನೋಯದ ಹಾಗೆ ಮೊಸರು ಎರಡು ಸೌಟು ಜಾಸ್ತಿ ಬಡಿಸಿ, ಸುಣ್ಣದ ಡಬ್ಬಿಯನ್ನು ಎಲೆ ತಟ್ಟೆಗೆ ವಾಪಸ್ ಇಡಿ. ಮಕ್ಕಳ ಕೈಗಂತೂ ಸಿಗಬಾರದು. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು.

ಪ್ರಶ್ನೆ: ಮಗಳು ಐದು ತಿಂಗಳ ಬಸುರಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದಾರೆ. ಅದನ್ನು ತಗೊಂಡರೆ ಮಗುವಿನ ಮೂಳೆ ಗಟ್ಟಿಯಾಗಿ ಹೆರಿಗೆ ಕಷ್ಟ ಅಂತ ಬೀಗಿತ್ತಿ ಹೇಳುತ್ತಾರೆ.
– ಓದುಗರು, ಮದ್ದೂರು

ಉತ್ತರ: ಬೀಗಿತ್ತಿಯವರಿಗೆ ನನ್ನ ನಮಸ್ಕಾರ ತಿಳಿಸಿ, ಮಾತ್ರೆ ಮುಂದುವರಿಸಿ. ಹಾಗೇನೂ ಆಗುವುದಿಲ್ಲ. ಬಸಿರಿನ 14ನೇ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆ ಎರಡು ಮಾತ್ರೆ ಎನ್ನುವುದು ಸರ್ಕಾರದ ಕ್ರಮ. ಒಂದರಲ್ಲಿ 500 ಮಿ.ಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ವಿಟಮಿನ್ ಡಿ ಇರುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿ ಇರುವ ಬಸುರಿಯರಲ್ಲಿ ಬಿ.ಪಿ. ಏರಿ ಬರುವ ತೊಂದರೆಯನ್ನು ಇದು ಕಮ್ಮಿ ಮಾಡುತ್ತದೆ. ಎರಡನ್ನೂ ಒಟ್ಟಿಗೆ ನುಂಗಬಾರದು. ತಿಂಡಿಗೊಂದು, ರಾತ್ರಿ ಊಟಕ್ಕೊಂದು. ಕರುಳು ಒಂದು ಸಲಕ್ಕೆ 500ರವರೆಗೆ ಚೆನ್ನಾಗಿ ಹೀರುತ್ತದೆ. ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಹಿಂದೆ ಕಿಡ್ನಿ ಕಲ್ಲು ಆಗಿದ್ದರೆ ಮಾತ್ರ ಮೊದಲೇ ಡಾಕ್ಟರಿಗೆ ಹೇಳಿ.

ಸಣ್ಣ ಪ್ರಶ್ನೆಗಳು ಒಂದಷ್ಟು. ಉಗುರಿನ ಮೇಲಿನ ಬಿಳಿ ಚುಕ್ಕೆ ಕ್ಯಾಲ್ಸಿಯಂ ಕೊರತೆಯಲ್ಲ, ಉಗುರಿಗೆ ಎಲ್ಲೋ ತಾಗಿದ ಗುರುತು (ಶಿವಮೊಗ್ಗ). ನಟಿಕೆ ಮುರಿದರೆ ಬರುವ ಸದ್ದು ಕೀಲಿನ ದ್ರವದಲ್ಲಿ ಗಾಳಿಗುಳ್ಳೆಯದು, ಮಾತ್ರೆ ಬೇಡ (ಮೈಸೂರು). ಎಂಟು ತಿಂಗಳ ಮಗುವಿಗೆ ಹಲ್ಲು ಬಂದಿಲ್ಲ ಅಂತ ಕ್ಯಾಲ್ಸಿಯಂ ಸಿರಪ್ ಕುಡಿಸಬೇಡಿ, ಕೆಲವು ಮಕ್ಕಳಿಗೆ ಮೊದಲ ಹಲ್ಲು ವರ್ಷದ ಹೊತ್ತಿಗೆ ಬರುತ್ತದೆ (ಗದಗ). ಸ್ಟ್ರಿಪ್ಪಿನ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ 1250 ಅಂತಿದ್ದರೆ ಹೆದರಬೇಡಿ, ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಾತ್ರ. ನೀವು ಲೆಕ್ಕ ಹಾಕಬೇಕಾದ್ದು ಅದನ್ನು (ಬೆಂಗಳೂರು).

ಪ್ರಶ್ನೆ: ನಾನು ಮೆಡಿಕಲ್ ಸ್ಟೋರ್ ಇಟ್ಟಿದ್ದೇನೆ. ಚೀಟಿ ಇಲ್ಲದೆ ಬಂದು ‘ಕೈಕಾಲು ನೋವಿಗೆ ಒಂದು ಕ್ಯಾಲ್ಸಿಯಂ ಕೊಡಿ’ ಎನ್ನುವವರು ದಿನಾ ಇದ್ದಾರೆ. ಕೊಡಲಿಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಏನು ಮಾಡಲಿ, ಡಾಕ್ಟ್ರೇ?
– ಓದುಗರು, ಶಿರಸಿ

ಉತ್ತರ: ಇಷ್ಟು ಪ್ರಾಮಾಣಿಕವಾಗಿ ಕೇಳಿದ್ದಕ್ಕೆ ಖುಷಿಯಾಯಿತು. ಗಿರಾಕಿಯನ್ನು ವಾಪಸ್ ಕಳಿಸಿ ಎಂದರೆ ನೀವು ಕಳಿಸುವುದಿಲ್ಲ, ನನಗೂ ಗೊತ್ತು. ಕೌಂಟರಿನಲ್ಲೇ ಮೂರು ಮಾತು ಕೇಳಿ. ಮನೆಯಲ್ಲಿ ಬೇರೆ ಕ್ಯಾಲ್ಸಿಯಂ ಇದೆಯಾ? ಕಿಡ್ನಿ ತೊಂದರೆ, ಕಲ್ಲು ಏನಾದರೂ ಇತ್ತಾ? ಥೈರಾಯ್ಡ್, ಬಿ.ಪಿ., ಹೃದಯದ ಮಾತ್ರೆ ಯಾವುದು? ಯಾವುದಕ್ಕಾದರೂ ಹೌದು ಎಂದರೆ ‘ಒಂದು ಸಲ ಡಾಕ್ಟರಿಗೆ ತೋರಿಸಿ ಬನ್ನಿ’ ಎನ್ನಿ. ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳುವವರಲ್ಲಿ ಕ್ಯಾಲ್ಸಿಯಂ ಏರಿದರೆ ಎದೆಬಡಿತವೇ ತಪ್ಪಬಹುದು.

ಕ್ಯಾಲ್ಸಿಯಂಗಿಂತ ನನಗೆ ಭಯ ವಿಟಮಿನ್ ಡಿ ಸ್ಯಾಶೆಯದ್ದು. ನನ್ನ ಹತ್ತಿರ ಬಂದಿದ್ದ ಒಬ್ಬ ಅಡಿಕೆ ತೋಟದ ಯಜಮಾನರು ವಾರಕ್ಕೊಂದು ಎಂದದ್ದನ್ನು ದಿನಕ್ಕೊಂದು ಎಂದು ತಿಳಿದು ತಿಂಗಳಿಗೂ ಹೆಚ್ಚು ಕಾಲ ಹಾಲಿಗೆ ಹಾಕಿ ಕುಡಿದಿದ್ದರು. ನಿಲ್ಲದ ವಾಂತಿ, ಏನೇನೋ ಮಾತು. ಮನೆಯವರು ತಲೆಗೆ ಸ್ಕ್ಯಾನ್ ಮಾಡಿಸಿಕೊಂಡು ಬಂದಿದ್ದರು. ಕ್ಯಾಲ್ಸಿಯಂ 14 ದಾಟಿತ್ತು. ಮನೆಯ ಮಾತ್ರೆಗಳನ್ನೆಲ್ಲ ತನ್ನಿ ಎಂದಾಗ ಪ್ಲಾಸ್ಟಿಕ್ ಕವರಿನಿಂದ ಮೇಜಿನ ಮೇಲೆ ಸುರಿದರು. ಹರಿದ ಸ್ಯಾಶೆಗಳನ್ನು ಲೆಕ್ಕಕ್ಕಿರಲಿ ಅಂತ ಯಜಮಾನರು ರಬ್ಬರ್ ಬ್ಯಾಂಡ್ ಹಾಕಿ ಜೋಪಾನ ಮಾಡಿದ್ದರು. ಒಂದರ ಮೇಲೂ ವಾರಕ್ಕೊಂದು ಎಂದು ಕನ್ನಡದಲ್ಲಿ ಬರೆದಿರಲಿಲ್ಲ.

ನೀವು ಸ್ಯಾಶೆ ಕೊಡುವಾಗ ಪೆನ್ನಿನಲ್ಲಿ ‘ಭಾನುವಾರ ಮಾತ್ರ, ಒಟ್ಟು ಎಂಟು’ ಎಂದು ದೊಡ್ಡದಾಗಿ ಬರೆದುಕೊಡಿ. ಚೀಟಿಯ ಮೇಲೂ ತಾರೀಕು ಹಾಕಿ ನಿಮ್ಮ ಅಂಗಡಿಯ ಸೀಲು ಒತ್ತಿ. ಎಂಟು ಮುಗಿದ ಮೇಲೆ ಅದೇ ಹಳೇ ಚೀಟಿ ಹಿಡಿದು ಬಂದರೆ ಕೊಡಬೇಡಿ. ಪಕ್ಕದ ಅಂಗಡಿಯವರಿಗೂ ಈ ಪುಟ ಕತ್ತರಿಸಿ ಕೊಡಿ.